ಥೌಸಂಡ್ ನೀಡಲ್ಸ್ ಮುಳುಗಿದ ವರ್ಷ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿದವರು ಇಬ್ಬರು ಸೇರಿದರೆ ಸಾಕು, ಜಗಳ ಶುರು. ಯಾವ ಎಕ್ಸ್‌ಪಾನ್ಷನ್ ಚೆನ್ನಾಗಿತ್ತು? ಹಳಬರು 'ರಾತ್ ಆಫ್ ದಿ ಲಿಚ್ ಕಿಂಗ್' ಅನ್ನುತ್ತಾರೆ. ಅವರಿಗಿಂತ ಚಿಕ್ಕವರು 'ಲೀಜನ್' ಅನ್ನುತ್ತಾರೆ. ನಾನು ಬಾಗಲಕೋಟೆಯವನು, ಅದರಲ್ಲೂ ನವನಗರದವನು. ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಮನೆ ಆಲಮಟ್ಟಿ ಅಣೆಕಟ್ಟಿನ ಮುಳುಗಡೆಗೆ ಹೋಯಿತು, ನವನಗರದ ಸೆಕ್ಟರ್‌ನಲ್ಲಿ ಸೈಟು ಸಿಕ್ಕಿತು. ಹಾಗಾಗಿ ನನಗೆ ಬೇರೆಯದೇ ಪ್ರಶ್ನೆ ಏಳುತ್ತದೆ. ಹೊಸ ನಾಡು ತೆರೆದಾಗಲೆಲ್ಲ ಹಳೇ ನಾಡಿನ ಗತಿ ಏನಾಯಿತು?

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ಇಂಟರ್ನೆಟ್ಟಿನಲ್ಲಿ ಆಡುವ ಕಂಪ್ಯೂಟರ್ ಆಟ. ಬ್ಲಿಜರ್ಡ್ ಕಂಪನಿ 2004ರ ನವೆಂಬರ್ 23ರಂದು ಇದನ್ನು ಬಿಡುಗಡೆ ಮಾಡಿತು. ಅಜೆರೋತ್ ಅಂತ ಒಂದು ಲೋಕ. ಅದರಲ್ಲಿ ಅಲೈಯನ್ಸ್, ಹೋರ್ಡ್ ಅಂತ ಎರಡು ಪಕ್ಷ. ನಮ್ಮದೊಂದು ಪಾತ್ರ ಮಾಡಿಕೊಂಡು ಸಾವಿರಾರು ಜನರ ಜೊತೆ ಅಲ್ಲಿ ಬದುಕಬೇಕು. ಮೊದಲು 60 ಲೆವೆಲ್ ಇತ್ತು. ಸುಮಾರು ಎರಡು ವರ್ಷಕ್ಕೊಮ್ಮೆ ಎಕ್ಸ್‌ಪಾನ್ಷನ್ ಬರುತ್ತದೆ. ಹೊಸ ಭೂಮಿ, ಹೊಸ ಶತ್ರು, ಇನ್ನಷ್ಟು ಲೆವೆಲ್. ಡಬ್ಬಿ ಕೊಂಡರೆ ಮುಗಿಯಲ್ಲ, ತಿಂಗಳ ಬಾಡಿಗೆ ಬೇರೆ.

ನಾನು ಸೇರಿದ್ದು 2008ರ ಶುರುವಿನಲ್ಲಿ. ಮೊದಲ ಎಕ್ಸ್‌ಪಾನ್ಷನ್ 'ಬರ್ನಿಂಗ್ ಕ್ರುಸೇಡ್' ಆಗಲೇ ಬಂದು ಒಂದು ವರ್ಷ ಆಗಿತ್ತು. ಲಂಡನ್ನಿನಲ್ಲಿದ್ದ ನಮ್ಮ ಸೋದರಮಾವನ ಮಗ ರಜೆಗೆ ಬರುವಾಗ ಡಬ್ಬಿ ತಂದ, ಜೊತೆಗೆ 60 ದಿನದ ಪ್ರೀಪೇಯ್ಡ್ ಕಾರ್ಡು. ನಾನು ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಲೆಕ್ಕವಿಲ್ಲದೆ ಬಳಸಬಹುದಿತ್ತು. ನಮ್ಮಲ್ಲಿ 2 ಗಂಟೆ ಅಂದರೆ ಯುರೋಪಿನಲ್ಲಿ ರಾತ್ರಿ ಒಂಬತ್ತೂವರೆ, ಹತ್ತೂವರೆ. ಅವರು ಊಟ ಮುಗಿಸಿ ರೇಡಿಗೆ, ಅಂದರೆ ದೊಡ್ಡ ಗುಂಪು ಕಟ್ಟಿಕೊಂಡು ಮಾಡುವ ಕಾಳಗಕ್ಕೆ, ಹೊರಟು ಅರ್ಧ ದಾರಿ ಹೋಗಿರುತ್ತಿದ್ದರು. ನಾನು ಕಣ್ಣುಜ್ಜಿಕೊಂಡು ಆಗ ಸೇರುತ್ತಿದ್ದೆ.

ನನ್ನ ಪಾತ್ರ ಟಾರೆನ್ ಕುಲದ ಡ್ರೂಯಿಡ್, ಅಂದರೆ ಪ್ರಾಣಿ ಪಕ್ಷಿಯ ರೂಪ ತಾಳುವ ಮಾಂತ್ರಿಕ. ಟಾರೆನ್‌ಗಳದ್ದು ಎತ್ತಿನ ಮುಖ, ಕೋಡು, ಬಾಲ. ಒಮ್ಮೆ ಅವ್ವ ನೀರು ಕುಡಿಯಲು ಎದ್ದವಳು ಸ್ಕ್ರೀನ್ ನೋಡಿ, "ಏನೋ ಇದು, ಬಸವಣ್ಣ ಎರಡು ಕಾಲ ಮ್ಯಾಲ ನಿಂತಾನಲ್ಲ!" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಆಟದ ಹೆಸರೇ ಬಸವಣ್ಣನ ಆಟ.

ಆ ಬಸವಣ್ಣನಿಗೆ 40ನೇ ಲೆವೆಲ್‌ವರೆಗೆ ಸವಾರಿ ಇಲ್ಲ, ನಡೆಯಬೇಕು. ಮುಲ್ಗೋರ್ ಹುಲ್ಲುಗಾವಲು ದಾಟಿ ಬ್ಯಾರನ್ಸ್ ಬಯಲು, ಬಯಲಿನ ತುದಿಗೆ ದೊಡ್ಡ ಲಿಫ್ಟು. ಮರದ ಆ ಲಿಫ್ಟಿನಲ್ಲಿ ಕೆಳಗಿಳಿದರೆ ಥೌಸಂಡ್ ನೀಡಲ್ಸ್. ಒಣ ಕಣಿವೆ, ಅದರ ತುಂಬ ಸೂಜಿಯ ಹಾಗೆ ಎದ್ದ ಕಲ್ಲುಕಂಬಗಳು. ಅದರಾಚೆ ಬೆಳ್ಳಗೆ ಉಪ್ಪಿನ ಬಯಲು, ಶಿಮರಿಂಗ್ ಫ್ಲ್ಯಾಟ್ಸ್. ಅಲ್ಲಿ ಗಾಬ್ಲಿನ್ ಮತ್ತು ನೋಮ್ ಅನ್ನೋ ಎರಡು ಕುಳ್ಳರ ಜಾತಿ ಕಾರ್ ರೇಸಿನ ಟ್ರ್ಯಾಕ್ ಕಟ್ಟಿಕೊಂಡು ಒಬ್ಬರನ್ನೊಬ್ಬರು ಬೈಯುತ್ತಾ ಇದ್ದರು. ಯುದ್ಧ ಇಲ್ಲ, ರಾಕ್ಷಸ ಇಲ್ಲ. ಆಮೆ, ಚೇಳು ಹೊಡೆದು ಅವರಿಗೆ ಸಾಮಾನು ತಂದುಕೊಡೋದು, ಅಷ್ಟೇ ಕೆಲಸ. ಇಡೀ ಆಟದಲ್ಲಿ ನನಗೆ ಇಷ್ಟವಾದ ಜಾಗ ಅದೇ.

'ಬರ್ನಿಂಗ್ ಕ್ರುಸೇಡ್' 2007ರ ಜನವರಿಯಲ್ಲಿ ಬಂದಾಗ ಈ ಹಳೇ ನಾಡಿಗೆ ಏನೂ ಮಾಡಲಿಲ್ಲ. ಪಕ್ಕದಲ್ಲಿ ಔಟ್‌ಲ್ಯಾಂಡ್ ಅಂತ ಒಡೆದ ಲೋಕವೊಂದನ್ನು ತೆರೆದರು, ಲೆವೆಲ್ 70ಕ್ಕೆ ಏರಿತು. ಆದರೆ ಹಳಬರ ಹೊಟ್ಟೆ ಉರಿದ ಕಥೆ ನಮ್ಮ ಗಿಲ್ಡಿನಲ್ಲಿ, ಅಂದರೆ ಆಟಗಾರರ ಕೂಟದಲ್ಲಿ, ದಿನಾ ಕೇಳುತ್ತಿದ್ದೆ. 40 ಜನ ಕೂಡಿ ತಿಂಗಳುಗಟ್ಟಲೆ ಬಡಿದಾಡಿ ಗೆದ್ದ ನೇರಳೆ ಬಣ್ಣದ ಆಯುಧಗಳು. ಆಟದಲ್ಲಿ ನೇರಳೆ ಅಂದರೆ ಉತ್ತಮ ದರ್ಜೆ, ಹಸಿರು ಅಂದರೆ ಸಾಧಾರಣ. ಔಟ್‌ಲ್ಯಾಂಡಿಗೆ ಕಾಲಿಟ್ಟು ಹಂದಿ ಹೊಡೆದುಕೊಟ್ಟವನಿಗೆ ಸಿಗುವ ಹಸಿರು ಸಾಮಾನು ಅವುಗಳಲ್ಲಿ ಎಷ್ಟೋ ಆಯುಧಗಳನ್ನು ಮೀರಿಸುತ್ತಿತ್ತು. ಇನ್ನೊಂದು ಪೆಟ್ಟು ಅಂದರೆ ರೇಡಿನ ಗಾತ್ರ 40ರಿಂದ 25ಕ್ಕೆ ಇಳಿದದ್ದು. 40 ಜನರಲ್ಲಿ 15 ಜನರನ್ನು ಹೊರಗಿಡೋದು ಹೇಗೆ? ಎಷ್ಟೋ ಗಿಲ್ಡುಗಳು ಅಲ್ಲೇ ಒಡೆದವು. ಮೋಲ್ಟನ್ ಕೋರ್, ಬ್ಲ್ಯಾಕ್‌ವಿಂಗ್ ಲೇರ್ ಅನ್ನೋ ಹಳೇ ರೇಡಿನ ಜಾಗಗಳು ಭಣಭಣ ಅಂದವು.

ಔಟ್‌ಲ್ಯಾಂಡಿನಲ್ಲಿ ಹಾರಲು ಬಿಟ್ಟರು. ಡ್ರೂಯಿಡ್ ತಾನೇ ಹಕ್ಕಿಯಾಗಬಹುದು, ಆದರೆ ಜೋರಾಗಿ ಹಾರೋ ಹಕ್ಕಿಯಾಗಲು ಮೊದಲು 5,000 ಚಿನ್ನ ಕೊಟ್ಟು ಸವಾರಿ ಕಲಿಯಬೇಕಿತ್ತು. ಆಗ ಅದು ದೊಡ್ಡ ಮೊತ್ತ. ಕೂಡಿಸಿ ಕಲಿತೆ. ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಮೇಲೆ ಹಾರಿದ ಮೇಲೆ ಕೆಳಗಿನ ದಾರಿ ಯಾರಿಗೆ ಬೇಕು? ಎಲ್ಲಿಗೆ ಹೋಗಬೇಕೋ ಅಲ್ಲಿ ಇಳಿಯೋದು, ಕೆಲಸ ಮುಗಿಸೋದು, ಮತ್ತೆ ಹಾರೋದು.

2008ರ ನವೆಂಬರ್ 13ಕ್ಕೆ 'ಲಿಚ್ ಕಿಂಗ್' ಬಂತು. ನಾರ್ತ್‌ರೆಂಡ್ ಅನ್ನೋ ಹಿಮದ ಖಂಡ, ಡೆತ್ ನೈಟ್ ಅನ್ನೋ ಹೊಸ ಪಂಗಡ, ಲೆವೆಲ್ 80. ಕಥೆ ನಿಜಕ್ಕೂ ಚೆನ್ನಾಗಿತ್ತು, ಜನ ಹೊಗಳೋದು ಸುಮ್ನೆ ಅಲ್ಲ. 2010ರ ಅಕ್ಟೋಬರ್‌ನಲ್ಲಿ 1.2 ಕೋಟಿ ಚಂದಾದಾರರು ಅಂತ ಕಂಪನಿ ಹೇಳಿತು. ಅದೇ ಶಿಖರ. ಆದರೆ ನನ್ನ ಪ್ರಕಾರ ಆಟವನ್ನು ಬದಲಿಸಿದ್ದು ಹಿಮದ ಖಂಡ ಅಲ್ಲ, 2009ರ ಡಿಸೆಂಬರ್‌ನ ಪ್ಯಾಚ್ (ಆಟದ ಅಪ್‌ಡೇಟ್) ತಂದ ಒಂದು ಬಟನ್. ಡಂಜನ್ ಫೈಂಡರ್, ಅಂದರೆ ಐದು ಜನ ಕೂಡಿ ಹೋಗುವ ಗುಹೆಗಳಿಗೆ ಜೊತೆಗಾರರನ್ನು ಹುಡುಕಿಕೊಡೋದು.

ಅದಕ್ಕೂ ಮೊದಲು ಐದು ಜನರನ್ನು ಕೂಡಿಸೋದೇ ಅರ್ಧ ಆಟ. ಊರಿನಲ್ಲಿ ನಿಂತು ಕೂಗಬೇಕು. ಏಟು ತಡೆಯುವವನು ಸಿಕ್ಕರೆ ಗಾಯ ಮಾಯಿಸುವವನು ಸಿಗಲ್ಲ. ಸಿಕ್ಕ ಮೇಲೆ ಇಬ್ಬರು ಅಷ್ಟು ದೂರ ಹೋಗಿ ಗುಹೆಯ ಬಾಗಿಲಲ್ಲಿರುವ ಕಲ್ಲಿನಿಂದ ಉಳಿದವರನ್ನು ಕರೆಸಿಕೊಳ್ಳಬೇಕು. ಗುಂಪಿನ ಸಾಮಾನು ಕದ್ದು ಓಡಿದವನ ಹೆಸರು ಮರುದಿನ ಸರ್ವರಿಗೆಲ್ಲ ಗೊತ್ತಾಗುತ್ತಿತ್ತು. ಮರ್ಯಾದೆಗೆ ಬೆಲೆ ಇತ್ತು. ಬಟನ್ ಬಂದ ಮೇಲೆ ಒತ್ತಿ ಕೂತರೆ ಸಾಕು. ಬೇರೆ ಬೇರೆ ಸರ್ವರ್‌ಗಳ ನಾಲ್ವರು ಬರುತ್ತಾರೆ, ಗುಹೆಗೆ ನೇರವಾಗಿ ಇಳಿಸುತ್ತಾರೆ, ಮಾತಿಲ್ಲ ಕತೆಯಿಲ್ಲ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಹೋಗುತ್ತಾರೆ. ನಸುಕಿನ 4 ಗಂಟೆಗೆ ಆಡುವ ನನ್ನಂಥವನಿಗೆ ಇದು ವರವೇ ಆಗಿತ್ತು. ಇದಿಲ್ಲದೆ ನಾನು ಎಷ್ಟೋ ಗುಹೆ ನೋಡುತ್ತಲೇ ಇರಲಿಲ್ಲ. ಆದರೆ ಆಮೇಲೆ ಸಿಕ್ಕವರಲ್ಲಿ ಒಬ್ಬರ ಹೆಸರೂ ನೆನಪಿಲ್ಲ.

ಈಗ ಮುಳುಗಡೆ ವಿಷಯಕ್ಕೆ ಬರುತ್ತೇನೆ.

ಮೂರನೇ ಎಕ್ಸ್‌ಪಾನ್ಷನ್ 'ಕ್ಯಾಟಕ್ಲಿಸಂ' ಮಾರಾಟಕ್ಕೆ ಬಂದದ್ದು 2010ರ ಡಿಸೆಂಬರ್ 7ಕ್ಕೆ. ಆದರೆ ಲೋಕ ಒಡೆದದ್ದು ಎರಡು ವಾರ ಮೊದಲೇ, ಅಮೆರಿಕದ ಸರ್ವರ್‌ಗಳಲ್ಲಿ ನವೆಂಬರ್ 23ರಂದು, ಆಟಕ್ಕೆ ಸರಿಯಾಗಿ 6 ವರ್ಷ ತುಂಬಿದ ದಿನ. ಡೆತ್‌ವಿಂಗ್ ಅನ್ನೋ ಮಹಾ ಡ್ರ್ಯಾಗನ್ ಭೂಮಿ ಸೀಳಿ ಹೊರಗೆ ಬಂದಿತು ಅನ್ನೋದು ಕಥೆ. ಇಲ್ಲಿ ಗಮನಿಸಬೇಕಾದ್ದು ಏನಂದರೆ, ಎಕ್ಸ್‌ಪಾನ್ಷನ್ ಕೊಳ್ಳದವರಿಗೂ ಹಳೇ ನಾಡು ಹೋಯಿತು. ನನಗೆ ಬೇಡ, ನಾನು ಹಳೇದರಲ್ಲೇ ಇರುತ್ತೇನೆ ಅಂದರೆ ಕೇಳುವವರಿಲ್ಲ. ಬ್ಯಾರನ್ಸ್ ಬಯಲು ಬೆಂಕಿಯ ಬಿರುಕು ಬಿಟ್ಟು ಎರಡಾಯಿತು. ಆಬರ್‌ಡೈನ್ ಬಂದರು ಹಾಳಾಯಿತು. ಸಮುದ್ರದ ಗೋಡೆ ಒಡೆದು ಥೌಸಂಡ್ ನೀಡಲ್ಸ್ ಕಣಿವೆಗೆ ನೀರು ನುಗ್ಗಿತು. ಲಿಫ್ಟು ಮುರಿದುಬಿತ್ತು. ಉಪ್ಪಿನ ಬಯಲು ಪೂರ್ತಿ ನೀರಿನಡಿ. ಗಾಬ್ಲಿನ್ನು ನೋಮುಗಳು ನೀರಿನ ಮೇಲೆ ದೊಡ್ಡ ತೆಪ್ಪದಂಥ ಹಡಗು ಕಟ್ಟಿಕೊಂಡು, ಅದರಲ್ಲೂ ಜಗಳ ಆಡುತ್ತಾ ಇದ್ದರು.

ನಾನು ಮುಳುಗು ಹಾಕಿ ರೇಸ್ ಟ್ರ್ಯಾಕ್ ಹುಡುಕುತ್ತಿದ್ದೆ. ನಸುಕಿನಲ್ಲಿ ಎದ್ದ ಅಪ್ಪ ಹಿಂದೆ ಬಂದು ನಿಂತರು.

"ಯಾವೂರೋ ಇದು?"

"ಮೊದ್ಲ ಇಲ್ಲಿ ಹನಿ ನೀರಿದ್ದಿಲ್ಲಪ್ಪಾ. ಈಗ ಮುಳುಗಿಸ್ಯಾರ."

"ಪರಿಹಾರ ಏನ್ ಕೊಟ್ರು?"

"ಎಲ್ಲಾರಿಗೂ ಒಂದೊಂದು ದೋಣಿ ಕೊಟ್ಟಾರ."

"ಹಂಗಾರ ಕೋರ್ಟಿಗೆ ಅಲೆಯೂದು ತಪ್ಪಿತು ಬಿಡು," ಅಂದು ಚಹಾ ಇಡಲು ಹೋದರು.

ದೋಣಿಯ ಮಾತು ತಮಾಷೆ ಅಲ್ಲ, ನಿಜವಾಗಿಯೂ ಕೊಟ್ಟಿದ್ದರು. ಆ ಕಣಿವೆಯಲ್ಲಿ ಮಾತ್ರ ನಡೆಯುವ ದೋಣಿ. ಇನ್ನೊಂದು ಕಾಕತಾಳೀಯ ನೋಡಿ. ಅದೇ ಡಿಸೆಂಬರ್ 30ಕ್ಕೆ ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಆಲಮಟ್ಟಿಯಲ್ಲಿ 519.6 ಮೀಟರ್‌ವರೆಗೆ ನಿಲ್ಲಿಸುವ ನೀರನ್ನು 524.256ಕ್ಕೆ ಏರಿಸಬಹುದು ಅಂತ. ನಮ್ಮ ಓಣಿಯಲ್ಲಿ ಆ ವಾರ ಎಲ್ಲರ ಬಾಯಲ್ಲೂ 524. ನನ್ನ ತಲೆಯಲ್ಲಿ ಎರಡೂ ನೀರು ಸೇರಿಹೋದವು.

ಕ್ಯಾಟಕ್ಲಿಸಂ ಮಾಡಿದವರ ಕಡೆಯಿಂದಲೂ ನ್ಯಾಯ ಇದೆ. 2004ರ ಭೂಮಿಯನ್ನು ಕಾಲ್ನಡಿಗೆಗೆ ಕಟ್ಟಿದ್ದರು. ಮೇಲಿಂದ ನೋಡಿದರೆ ಬೆಟ್ಟಗಳ ಬೆನ್ನು ಖಾಲಿ, ಕೆಲವು ಕಟ್ಟಡಗಳಿಗೆ ಹಿಂಭಾಗವೇ ಇಲ್ಲ. ಹಾರಲು ಬಿಡಬೇಕಾದರೆ ಮತ್ತೆ ಕಟ್ಟಲೇಬೇಕಿತ್ತು. ಹೊಸ ಕ್ವೆಸ್ಟುಗಳೂ, ಅಂದರೆ ಆಟದಲ್ಲಿ ಒಪ್ಪಿಸುವ ಕೆಲಸಗಳೂ, ಹಳೇವಕ್ಕಿಂತ ಚುರುಕಾಗಿದ್ದವು. ತೊಂದರೆ ಏನಂದರೆ, ಡೆತ್‌ವಿಂಗ್ ಅನ್ನು 2011ರ ಕೊನೆಗೇ ಕೊಂದೆವು. ಆದರೂ ಆ ಊರುಗಳಲ್ಲಿ ಹೆಚ್ಚಿನವು ಇವತ್ತಿಗೂ 2010ರಲ್ಲೇ ನಿಂತಿವೆ. ಬ್ಯಾರನ್ಸಿನ ಬಿರುಕಿನಲ್ಲಿ ಬೆಂಕಿ ಇನ್ನೂ ಉರಿಯುತ್ತಲೇ ಇದೆ.

ಕ್ಯಾಟಕ್ಲಿಸಂನ ಕೊನೆಯ ಪ್ಯಾಚಿನಲ್ಲಿ ಒಂದು ಒಳ್ಳೇದು ಮಾಡಿದರು. ಹಾಕಿಕೊಂಡ ಕವಚಕ್ಕೆ ಬೇರೆ ಕವಚದ ರೂಪ ಕೊಡುವ ಸೌಲಭ್ಯ. ಹಳೇ ಬಟ್ಟೆಗಳಿಗೆ ಬೆಲೆ ಬಂತು. ಜನ ಅವುಗಳ ಆಸೆಗೆ ಮೋಲ್ಟನ್ ಕೋರಿಗೆ ಮತ್ತೆ ಹೋಗತೊಡಗಿದರು, 40 ಜನ ಅಲ್ಲ, ಒಬ್ಬೊಬ್ಬರೇ. ನಮ್ಮವರೂ ಹೋಳಿ ಬಂದರೆ ಹಲಗಿ ಹಿಡಿದು ನವನಗರದಿಂದ ಹಳೇ ಊರಿನ ಕಿಲ್ಲಾದ ಕಡೆ ಹೋಗುತ್ತಾರೆ, ಅಲ್ವಾ?

2012ರ 'ಮಿಸ್ಟ್ಸ್ ಆಫ್ ಪಂಡಾರಿಯಾ'ವನ್ನು ಪಾಂಡಾಗಳ ಆಟ ಅಂತ ಜನ ನಕ್ಕರು. ನನಗೆ ಬಹಳ ಹಿಡಿಸಿತು. ಹಾಫ್‌ಹಿಲ್ ಅನ್ನೋ ಸಂತೆಯೂರಿನ ಪಕ್ಕ ನಮಗೇ ಒಂದು ತುಂಡು ಹೊಲ ಕೊಟ್ಟಿದ್ದರು. ಕೋಸು, ಗಜ್ಜರಿ, ಕುಂಬಳ, ಈರುಳ್ಳಿ ಹಾಕೋದು, ಹುಳ ತೆಗೆಯೋದು, ಮರುದಿನ ಕಿತ್ತುಕೊಳ್ಳೋದು. ಅಲ್ಲಿ ಈರುಳ್ಳಿಯ ರೇಟು ಬೀಳುತ್ತಿರಲಿಲ್ಲ.

2014ರ 'ವಾರ್‌ಲಾರ್ಡ್ಸ್ ಆಫ್ ಡ್ರೇನಾರ್' ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಳಪೆ. ಪ್ರತಿಯೊಬ್ಬನಿಗೂ ಒಂದು ಕೋಟೆ ಕೊಟ್ಟರು. ಗಣಿ, ಗಿಡಮೂಲಿಕೆ ತೋಟ, ಆಳುಕಾಳು ಎಲ್ಲ ಒಳಗೇ. ಹೊರಗೆ ಬರಲು ಕಾರಣವೇ ಉಳಿಯಲಿಲ್ಲ. ಪೇಟೆ ಖಾಲಿ. ಶುರುವಿಗೆ ಮತ್ತೆ ಒಂದು ಕೋಟಿಗೆ ಏರಿದ್ದ ಚಂದಾದಾರರು 2015ರ ಮಧ್ಯಕ್ಕೆ 56 ಲಕ್ಷಕ್ಕೆ ಇಳಿದರು. ಅದೇ ವರ್ಷ ಕಂಪನಿ ಲೆಕ್ಕ ಹೇಳೋದನ್ನೇ ನಿಲ್ಲಿಸಿತು. ನಾನೂ ಆಗಲೇ ಬಿಟ್ಟೆ. ಹಾಗಾಗಿ 2016ರ 'ಲೀಜನ್' ಬಗ್ಗೆ ಗೆಳೆಯರು ಎಷ್ಟು ಹೊಗಳಿದರೂ ನಾನು ಹೂಂ ಅನ್ನುತ್ತೇನೆ, ಅಷ್ಟೇ. 2018ರ 'ಬ್ಯಾಟಲ್ ಫಾರ್ ಅಜೆರೋತ್'ಗೆ ಲೆವೆಲ್ 120 ಮುಟ್ಟಿತು. ಅದು ಅತಿಯಾಯಿತು ಅಂತ ಅವರಿಗೇ ಅನಿಸಿರಬೇಕು. 2020ರಲ್ಲಿ 'ಶ್ಯಾಡೋಲ್ಯಾಂಡ್ಸ್' ಬರುವ ಮುಂಚೆ 120 ಇದ್ದವರನ್ನೆಲ್ಲ 50ಕ್ಕೆ ಇಳಿಸಿದರು. ಹೊಸ ಪಾತ್ರ ಮಾಡಿದವರು ಯಾವ ಕಾಲದ ಎಕ್ಸ್‌ಪಾನ್ಷನ್ ಬೇಕೋ ಅದನ್ನೇ ಆರಿಸಿ ಬೆಳೆಯಬಹುದು ಅಂದರು. ಝಿಡೋರ್ಮಿ ಅಂತ ಒಬ್ಬಳು ಕೆಲವು ಊರುಗಳಲ್ಲಿ ನಿಂತಿರುತ್ತಾಳೆ. ಕೇಳಿದರೆ ಆ ಊರು ಮೊದಲು ಹೇಗಿತ್ತೋ ಹಾಗೆ ತೋರಿಸುತ್ತಾಳೆ. ಥೌಸಂಡ್ ನೀಡಲ್ಸಿನಲ್ಲಿ ಅವಳಿಲ್ಲ.

ಹಳೇ ಆಟವೇ ಬೇಕು ಅಂತ ಜನ ವರ್ಷಾನುಗಟ್ಟಲೆ ಕೇಳುತ್ತಿದ್ದರು. 2013ರಲ್ಲಿ ವೇದಿಕೆ ಮೇಲೆ ಬ್ಲಿಜರ್ಡ್‌ನ ಜೆ. ಅಲೆನ್ ಬ್ರ್ಯಾಕ್, ನಿಮಗೆ ಬೇಕು ಅನಿಸುತ್ತದೆ, ಆದರೆ ನಿಜವಾಗಿ ಬೇಡ ಅನ್ನೋ ಅರ್ಥದ ಉತ್ತರ ಕೊಟ್ಟಿದ್ದರು. ಅದೇ ಕಂಪನಿ 2019ರ ಆಗಸ್ಟಿನಲ್ಲಿ 'ಕ್ಲಾಸಿಕ್' ಬಿಟ್ಟಿತು. ಅಷ್ಟೊತ್ತಿಗೆ ನನಗೆ ಮದುವೆಯಾಗಿ, ಮನೆಗೆ ಫೈಬರ್ ಬಂದಿತ್ತು. ಮತ್ತೆ ಟಾರೆನ್ ಮಾಡಿ, ಮತ್ತೆ ನಡೆದೆ. ಲಿಫ್ಟು ಇತ್ತು. ಉಪ್ಪಿನ ಬಯಲಿತ್ತು. ರೇಸ್ ಟ್ರ್ಯಾಕಿನ ಪಕ್ಕ ಸುಮ್ನೆ ಕೂತೆ. ಜನ ಮಾತ್ರ ಬೇರೆ. ಎಲ್ಲರ ಬಳಿ ಎಲ್ಲದಕ್ಕೂ ಲೆಕ್ಕದ ಹಾಳೆ. ಮೊದಲು ತಿಂಗಳುಗಟ್ಟಲೆ ಹಿಡಿದಿದ್ದ, ಮೋಲ್ಟನ್ ಕೋರಿನ ಕೊನೆಯ ಶತ್ರು ರಾಗ್ನರೋಸ್‌ನನ್ನು ಈ ಸಲ ಒಂದು ವಾರದೊಳಗೆ ಕೊಂದು ಮುಗಿಸಿದರು.

ಮತ್ತೆ ಏನಾಯಿತು ಗೊತ್ತಾ? ಕ್ಲಾಸಿಕ್ಕಿಗೂ ಅದೇ ಸಾಲಿನಲ್ಲಿ ಎಕ್ಸ್‌ಪಾನ್ಷನ್ ಬಂದವು. 2021ಕ್ಕೆ ಬರ್ನಿಂಗ್ ಕ್ರುಸೇಡ್, 2022ಕ್ಕೆ ಲಿಚ್ ಕಿಂಗ್, 2024ಕ್ಕೆ ಕ್ಯಾಟಕ್ಲಿಸಂ. ಥೌಸಂಡ್ ನೀಡಲ್ಸ್ ಎರಡನೇ ಸಲ ಮುಳುಗಿತು. ಒಂದೇ ಫರಕು. ಈ ಸಲ ಕೇಳಿದರು. ಹೋಗಲು ಇಷ್ಟವಿಲ್ಲದವರಿಗೆ ಹಳೇ ನಾಡು ಹಾಗೇ ಇರುವ 'ಎರಾ' ಸರ್ವರ್‌ಗಳನ್ನು ಉಳಿಸಿಕೊಟ್ಟರು. ನನ್ನ ಬಸವಣ್ಣ ಅಲ್ಲೇ ಇದ್ದಾನೆ.

ಹೊಸ ಆಟವನ್ನೂ ಪೂರ್ತಿ ಬಿಟ್ಟಿಲ್ಲ. 'ಡ್ರ್ಯಾಗನ್‌ಫ್ಲೈಟ್'ನ ಹಾರಾಟ ಬಹಳ ಚೆನ್ನಾಗಿದೆ. ರೆಕ್ಕೆಗೆ ಗಾಳಿ ಸಿಗಬೇಕು, ಎತ್ತರದಿಂದ ಧುಮುಕಿ ವೇಗ ಹಿಡಿಯಬೇಕು, ಹಾಗಾಗಿ ಕೆಳಗಿನ ಬೆಟ್ಟಗಳಿಗೆ ಮತ್ತೆ ಅರ್ಥ ಬಂತು. ಈಗ 'ಮಿಡ್‌ನೈಟ್' ಕಾಲ. ಇಷ್ಟು ವರ್ಷ ಜನ ಬೇಡಿಕೊಂಡ ಮೇಲೆ ಆಟಗಾರರಿಗೆ ಸ್ವಂತ ಮನೆ ಕೊಡುತ್ತಿದ್ದಾರೆ. ಅಲೈಯನ್ಸಿಗೊಂದು, ಹೋರ್ಡಿಗೊಂದು ಜಾಗ. ಒಂದೊಂದು ಬಡಾವಣೆಯಲ್ಲಿ 50ರ ಆಸುಪಾಸು ಸೈಟು, ಅಕ್ಕಪಕ್ಕ ನಿಜವಾದ ನೆರೆಹೊರೆ. ಅಪ್ಪನಿಗೆ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಮೂರು ಪ್ರಶ್ನೆ ಕೇಳಿದರು. ಕಾರ್ನರ್ ಸೈಟ್ ಯಾವುದು, ದಿಕ್ಕು ಯಾವ ಕಡೆ, ನೀರು ಎಲ್ಲಿಯವರೆಗೆ ಬರುತ್ತದೆ. ಮೊದಲೆರಡಕ್ಕೆ ಉತ್ತರ ಹೇಳಿದೆ.