ಕೇಮನ್‌ಗೆ ಅಲೈನ್‌ಮೆಂಟ್ ಮಾಡಿಸಿದ ದಿನ

ಹೊಸ ಟೈರು ಹಾಕಿಸಿದ ಮೇಲೂ ಗಾಡಿ ಸರಿಯಾಗಲಿಲ್ಲ. ನೇರ ರಸ್ತೆಯಲ್ಲಿ ಹೋಗುವಾಗ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತಿತ್ತು. ಎಡ ತಿರುವಿನಲ್ಲಿ ಗಾಡಿ ಬಿಗಿಯಾಗಿ ಕೂರುತ್ತಿತ್ತು. ಬಲ ತಿರುವಿನಲ್ಲಿ ಮಾತ್ರ ಹಿಂಭಾಗ ಯಾಕೋ ಸಡಿಲ ಅನ್ನಿಸುತ್ತಿತ್ತು. ಒಂದೇ ಗಾಡಿ ಎರಡು ಕಡೆಗೆ ಎರಡು ಥರ ತಿರುಗಬಾರದು, ಅಲ್ವಾ?

ಗಾಡಿ ಪೋರ್ಷೆ ಕೇಮನ್ ಎಸ್, 981 ಮಾದರಿ, 2014ರದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ ಕೂತಿದೆ. ತೂಕ ಸುಮಾರು 1,320 ಕೆಜಿ, ಶಕ್ತಿ 325 ಹಾರ್ಸ್‌ಪವರ್. 19 ಇಂಚಿನ ಚಕ್ರಗಳು. ಟೈರಿನ ಅಗಲ ಮುಂದೆ 235 ಮಿಲಿಮೀಟರ್, ಹಿಂದೆ 265. ಇಷ್ಟು ಅಗಲದ ಟೈರು, ಇಷ್ಟು ಬಿಗಿಯಾದ ಸಸ್ಪೆನ್ಶನ್ ಇರುವ ಗಾಡಿಯಲ್ಲಿ ಚಕ್ರ ಒಂದೆರಡು ಮಿಲಿಮೀಟರ್ ಆಚೀಚೆ ತಿರುಗಿದ್ದರೂ ಕೈಗೆ ಗೊತ್ತಾಗುತ್ತದೆ. ಬೆಂಗಳೂರಿನ ಗುಂಡಿಗಳಿಗೆ, ಹಂಪ್‌ಗಳಿಗೆ ಅದು ಆಚೀಚೆ ಆಗುವುದು ಕಷ್ಟವೇನಲ್ಲ.

ಟೈರು ಹಾಕಿದ ಅಂಗಡಿಯಲ್ಲೇ ಅಲೈನ್‌ಮೆಂಟೂ, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸವೂ, ಮಾಡಿದ್ದರು. ಅರ್ಧ ಗಂಟೆಯ ಕೆಲಸ. ಸ್ಟೇರಿಂಗ್ ವಾಲಿದೆ ಅಂತ ತೋರಿಸಿದರೆ, "ಸಾರ್, ಎಲ್ಲಾ ಗ್ರೀನ್ ಇದೆ ನೋಡಿ" ಎಂದು ಪ್ರಿಂಟ್ ಕೈಗೆ ಕೊಟ್ಟರು. ಹಸಿರು ಇದ್ದದ್ದು ನಿಜ. ಆದರೆ ಹಸಿರು ಅಂದರೆ ಅಂಕಿ ಕಂಪನಿ ಕೊಟ್ಟ ಮಿತಿಯೊಳಗೆ ಇದೆ ಎಂದಷ್ಟೇ ಅರ್ಥ. ಆ ಮಿತಿಗೆ ಒಂದು ಅಗಲ ಇರುತ್ತದೆ. ಎಡ ಚಕ್ರ ಮಿತಿಯ ಒಂದು ತುದಿಯಲ್ಲಿ, ಬಲ ಚಕ್ರ ಇನ್ನೊಂದು ತುದಿಯಲ್ಲಿ ಇದ್ದರೂ ಎರಡೂ ಹಸಿರೇ. ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದೇ ಟೋ. ಹಿಂದಿನ ಚಕ್ರಗಳಿಗಂತೂ ಅವರು ಎರಡರ ಟೋ ಕೂಡಿಸಿದ ಮೊತ್ತ ಮಾತ್ರ ನೋಡಿದ್ದರು. ಯಾವ ಚಕ್ರ ಎಷ್ಟು ತಿರುಗಿದೆ ಎಂದು ಬಿಡಿಬಿಡಿಯಾಗಿ ನೋಡಿರಲಿಲ್ಲ. ಹಿಂದೆ ಸ್ಪಾನರ್ ಹಾಕಿಯೇ ಇರಲಿಲ್ಲ.

ಚೆನ್ನೈ ಹತ್ತಿರದ ಇರುಂಗಟ್ಟುಕೋಟೆ ಟ್ರ್ಯಾಕ್‌ಗೆ ಗಾಡಿ ಓಡಿಸಲು ಹೋಗುವ ಗೆಳೆಯನೊಬ್ಬ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನ ನಂಬರ್ ಕೊಟ್ಟ. ಯಜಮಾನರಿಗೆ ಅರವತ್ತು ದಾಟಿದೆ. ಬಹಳ ವರ್ಷ ರ‍್ಯಾಲಿ ಗಾಡಿಗಳ ಕೆಲಸ ಮಾಡಿದವರು. ಫೋನಿನಲ್ಲಿ ಅವರು ಹೇಳಿದ್ದಿಷ್ಟೇ. "ಟ್ಯಾಂಕ್ ಫುಲ್ ಮಾಡಿಸ್ಕೊಂಡು ಬನ್ನಿ ಸಾರ್. ಡಿಕ್ಕಿಲಿ ಏನೂ ಇಟ್ಕೋಬೇಡಿ. ಬೆಳಿಗ್ಗೆ ಬನ್ನಿ, ಅವತ್ತು ಬೇರೆ ಗಾಡಿ ಮುಟ್ಟಲ್ಲ." ಆ ಮಾತಿಗೇ ಅರ್ಧ ನೆಮ್ಮದಿಯಾಯಿತು. ಕೇಮನ್‌ನ ಪೆಟ್ರೋಲ್ ಟ್ಯಾಂಕ್ ಮುಂಭಾಗದಲ್ಲಿದೆ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ. ಟ್ಯಾಂಕ್ ಖಾಲಿ ಇದ್ದರೆ ಮೂಗು ಒಂಚೂರು ಎತ್ತಿಕೊಳ್ಳುತ್ತದೆ, ಎತ್ತರ ಬದಲಾದರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ ಎರಡೂ ಬದಲಾಗುತ್ತವೆ. ಇದನ್ನು ಕೇಳದೆಯೇ ಹೇಳುವವರು ಸಿಗುವುದು ಅಪರೂಪ.

ಅವರು ಸೀದಾ ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಲಿಲ್ಲ. ಮೊದಲು ನನ್ನ ಪಕ್ಕ ಕೂತು ಒಂದು ಸುತ್ತು ಬಂದರು. ವಾಪಸ್ ಬಂದು ನಾಲ್ಕೂ ಟೈರಿಗೆ ಅಂಗೈ ಸವರಿ ಅಂಚು ನೋಡಿದರು. ಬಿಚ್ಚಿಸಿದ ಹಳೆಯ ಹಿಂದಿನ ಟೈರುಗಳ ಫೋಟೊ ತೋರಿಸಿದೆ. ಒಳ ಅಂಚು ಪೂರ್ತಿ ಬೋಳಾಗಿತ್ತು, ಹೊರಗೆ ಇನ್ನೂ ಗ್ರೂವ್ ಇತ್ತು. ಇದಕ್ಕೆ ಎಲ್ಲರೂ ಕ್ಯಾಂಬರನ್ನೇ ಬೈಯುತ್ತಾರೆ. ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದರೆ ಭಾರ ಒಳ ಅಂಚಿನ ಮೇಲೆ ಬೀಳುವುದು ನಿಜ. ಆದರೆ ರಬ್ಬರನ್ನು ತಿನ್ನುವುದು ಟೋ. ಚಕ್ರ ಹೋಗುವ ದಿಕ್ಕು ಒಂದು, ನೋಡುವ ದಿಕ್ಕು ಇನ್ನೊಂದು ಆದರೆ, ಕಾಲೆಳೆದು ನಡೆಯುವವರ ಚಪ್ಪಲಿ ಸವೆದ ಹಾಗೆ ಟೈರು ಸವೆಯುತ್ತದೆ. ಕ್ಯಾಂಬರ್ ಆ ಸವೆತವನ್ನು ಯಾವ ಅಂಚಿಗೆ ಹಾಕಬೇಕು ಎಂದು ತೀರ್ಮಾನಿಸುತ್ತದೆ, ಅಷ್ಟೇ.

ಆಮೇಲೆ ತಣ್ಣಗಿನ ಟೈರಿಗೆ ಗಾಳಿ ಸರಿ ಮಾಡಿದರು. ಗಾಡಿ ಎತ್ತಿ ಒಂದೊಂದು ಚಕ್ರವನ್ನೂ ಮೇಲೆ ಕೆಳಗೆ, ಎಡ ಬಲ ಹಿಡಿದು ಅಲ್ಲಾಡಿಸಿದರು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬುಷ್ ಎಲ್ಲ ನೋಡಿದರು. "ಲೂಸ್ ಇರೋ ಗಾಡಿಗೆ ಅಲೈನ್‌ಮೆಂಟ್ ಮಾಡಿದ್ರೆ ಅದು ಪೇಪರ್ ಮೇಲಿನ ಲೆಕ್ಕ ಸಾರ್. ರೋಡಿಗೆ ಇಳಿದ ತಕ್ಷಣ ಹೋಗ್ಬಿಡುತ್ತೆ" ಎಂದರು. ನನ್ನ ಗಾಡಿಯಲ್ಲಿ ಏನೂ ಸಡಿಲ ಇರಲಿಲ್ಲ.

ರ‍್ಯಾಂಪ್ ಮಟ್ಟವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರು ಬಳಸುವ ನೀರಿನ ಪೈಪು ತಂದರು. ನಾಲ್ಕೂ ಮೂಲೆಗೆ ಹಿಡಿದು ನೋಡಿ, ಒಂದು ಮೂಲೆಗೆ ತೆಳು ತಗಡು ಕೊಟ್ಟರು. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಯಂತ್ರ ಪಕ್ಕದಲ್ಲೇ ಇತ್ತು. ಆದರೆ ನೆಲವೇ ವಾಲಿದ್ದರೆ ಆ ಯಂತ್ರ ಏನು ಮಾಡಲು ಸಾಧ್ಯ? ಈ ಪೈಪು ನೋಡಿದಾಗ ನನಗೆ ಅವರ ಮೇಲೆ ಬಂದ ಗೌರವ ದೊಡ್ಡದು.

ಮೊದಲ ಅಳತೆ ಬಂತು. ಹಿಂದಿನ ಎಡ ಚಕ್ರದ ಟೋ 2 ಮಿನಿಟು ಒಳಕ್ಕೆ, ಬಲ ಚಕ್ರದ್ದು 22 ಮಿನಿಟು ಒಳಕ್ಕೆ. ಒಂದು ಡಿಗ್ರಿಗೆ 60 ಮಿನಿಟು. ಕೂಡಿಸಿದರೆ 24, ಚೆನ್ನಾಗಿಯೇ ಕಾಣುತ್ತದೆ. ಬಿಡಿಸಿ ನೋಡಿದರೆ ಹಿಂದಿನ ಎರಡೂ ಚಕ್ರ ಸೇರಿ ಸರಾಸರಿ 10 ಮಿನಿಟು ಎಡಕ್ಕೆ ನೋಡುತ್ತಿವೆ. ಇದನ್ನೇ ಥ್ರಸ್ಟ್ ಆಂಗಲ್ ಅನ್ನುತ್ತಾರೆ. ಹಿಂಭಾಗ ಎಡಕ್ಕೆ ತಳ್ಳಿದರೆ ಮೂಗು ಬಲಕ್ಕೆ ಹೊರಳುತ್ತದೆ. ನೇರ ಹೋಗಬೇಕಾದರೆ ಮುಂದಿನ ಚಕ್ರಗಳನ್ನೂ ಅಷ್ಟೇ ಎಡಕ್ಕೆ ಹಿಡಿಯಬೇಕು. ಮುಂದಿನ ಚಕ್ರ ತಿರುಗುವುದರ ಸುಮಾರು 16 ಪಟ್ಟು ಸ್ಟೇರಿಂಗ್ ತಿರುಗುತ್ತದೆ. ಹಾಗಾಗಿ ಅಲ್ಲಿನ 10 ಮಿನಿಟು ನನ್ನ ಕೈಯಲ್ಲಿ ಎರಡೂವರೆ ಡಿಗ್ರಿಗಿಂತ ಜಾಸ್ತಿ. ವಾಲಿದ ಸ್ಟೇರಿಂಗಿನ ಲೆಕ್ಕ ಸರಿಯಾಗಿ ಕೂತಿತು. ಬಲ ತಿರುವಿನ ಸಡಿಲತೆಗೂ ಉತ್ತರ ಸಿಕ್ಕಿತು. ಬಲಕ್ಕೆ ತಿರುಗುವಾಗ ಭಾರ ಹೊರಗಿನ ಎಡ ಚಕ್ರದ ಮೇಲೆ ಬೀಳುತ್ತದೆ. ಹಿಂಭಾಗವನ್ನು ಹಿಡಿದಿಡುವ ಟೋ ಆ ಚಕ್ರದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ.

ಮುಂದೆ ಕ್ಯಾಂಬರ್ ಎಡ ಚಕ್ರಕ್ಕೆ ಮೈನಸ್ 45 ಮಿನಿಟು, ಬಲ ಚಕ್ರಕ್ಕೆ ಮೈನಸ್ 15 ಮಿನಿಟು. ಮೈನಸ್ ಅಂದರೆ ಮೇಲ್ಭಾಗ ಒಳಕ್ಕೆ ವಾಲಿದೆ ಎಂದು. ಗುಂಡಿಗೆ ಬಿದ್ದು ಆರ್ಮ್ ಏನಾದರೂ ಬಗ್ಗಿದೆಯೇ ಎಂದು ನನಗೆ ಭಯವಾಯಿತು. ಅವರು ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ವಾಲಿರುವ ಕೋನ, ಅಳೆದರು. ಎಡ ಬಲ ಬಹುತೇಕ ಒಂದೇ ಇತ್ತು. "ಬಗ್ಗಿದ್ರೆ ಇದರಲ್ಲಿ ತೋರಿಸ್ತಿತ್ತು. ಮೇಲಿನ ಮೌಂಟ್ ಜರುಗಿದೆ, ಅಷ್ಟೇ" ಎಂದರು.

ಆಮೇಲೆ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. "ಗಾಡಿ ಎಲ್ಲಿ ಓಡಿಸ್ತೀರಾ ಸಾರ್?" ವಾರದ ಕೊನೆಗೆ ಸಕಲೇಶಪುರದ ಕಡೆ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ ಎಂದೆ. ಅದರ ಮೇಲೆ ಅಂಕಿ ಬರೆದರು. ಮುಂದೆ ಕ್ಯಾಂಬರ್ ಎರಡೂ ಕಡೆ ಮೈನಸ್ 50 ಮಿನಿಟು. ಹಿಂದೆ ಮೈನಸ್ 1 ಡಿಗ್ರಿ 35 ಮಿನಿಟು. ಹಿಂದಿನ ಟೋ ಒಂದೊಂದಕ್ಕೂ 10 ಮಿನಿಟು ಒಳಕ್ಕೆ, ಮುಂದೆ ಮೂರು ಮೂರು. ಕೆಲಸಕ್ಕಿದ್ದ ಹುಡುಗ 1 ಡಿಗ್ರಿ 35 ಮಿನಿಟನ್ನು 1.35 ಎಂದು ಓದಿದಾಗ ತಕ್ಷಣ ತಡೆದರು. ದಶಮಾಂಶದಲ್ಲಿ ಅದು 1.58. ಎರಡು ಥರ ಬರೆಯುವ ಪ್ರಿಂಟ್‌ಗಳಿರುವುದರಿಂದ ಈ ಗೊಂದಲ ಎಲ್ಲ ಕಡೆ ಆಗುತ್ತದೆ. ಅಲೈನ್‌ಮೆಂಟ್ ಮಾಡಿಸುವವರು ಪ್ರಿಂಟ್ ಓದುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು.

ನನ್ನ ತೂಕದಷ್ಟು ಮರಳಿನ ಚೀಲಗಳನ್ನು ಡ್ರೈವರ್ ಸೀಟಿಗೆ ಹಾಕಿ ಕೆಲಸ ಶುರು ಮಾಡಿದರು. ಕಂಪನಿ ಲೆಕ್ಕದಲ್ಲಿ ಗಾಡಿ ಖಾಲಿ ಇರಬೇಕು. ಆದರೆ ಓಡುವಾಗ ಗಾಡಿ ಖಾಲಿ ಇರುವುದಿಲ್ಲವಲ್ಲ. ಒಬ್ಬರೇ ಓಡಿಸುವ ಗಾಡಿಗೆ ಇದೇ ಸರಿ ಎಂದು ನನಗೂ ಅನ್ನಿಸುತ್ತದೆ.

ಮೊದಲು ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಮುಂದಿನ ಟೋ. ಕ್ಯಾಂಬರ್ ಮುಟ್ಟಿದರೆ ಟೋ ತಾನಾಗೇ ಬದಲಾಗುವುದರಿಂದ ಈ ಕ್ರಮ ತಪ್ಪಿಸುವ ಹಾಗಿಲ್ಲ. ಹಿಂದೆ ಎಕ್ಸೆಂಟ್ರಿಕ್, ಅಂದರೆ ನಡು ತಪ್ಪಿದ, ಬೋಲ್ಟುಗಳಿವೆ. ತಿರುಗಿಸಿದರೆ ಆರ್ಮ್ ಒಳಗೆ ಹೊರಗೆ ಜರುಗುತ್ತದೆ. ಕಷ್ಟ ಇರುವುದು ತಿರುಗಿಸುವುದರಲ್ಲಿ ಅಲ್ಲ, ಬಿಗಿ ಮಾಡುವುದರಲ್ಲಿ. ಪರದೆ ಮೇಲೆ ಟೋ ಸರಿಯಾಗಿ 10 ತೋರಿಸುತ್ತದೆ. ನಟ್ಟು ಬಿಗಿ ಮಾಡುತ್ತಿದ್ದ ಹಾಗೆ 13 ಆಗುತ್ತದೆ. ಅವರು ಸಡಿಲಿಸಿ 7ಕ್ಕೆ ಇಟ್ಟು, ಬೋಲ್ಟನ್ನು ಒಂದು ಸ್ಪಾನರ್‌ನಲ್ಲಿ ಅಲ್ಲಾಡದಂತೆ ಹಿಡಿದು, ಇನ್ನೊಂದರಲ್ಲಿ ನಟ್ಟು ಬಿಗಿದು, ಟಾರ್ಕ್ ರೆಂಚ್ ಕ್ಲಿಕ್ ಅಂದಾಗ 10ಕ್ಕೆ ಬಂದು ನಿಂತಿತು. ಬಲ ಚಕ್ರಕ್ಕೆ ಅದೂ ಸಾಲಲಿಲ್ಲ. ಗಾಡಿ ಒತ್ತಿ ಕುಲುಕಿಸಿ, ಹಿಂದೆ ಮುಂದೆ ಉರುಳಿಸಿ, ಮತ್ತೆ ಅಳೆದರು. 9 ಬಂತು. ನನಗಾದರೆ ಸಾಕಿತ್ತು. ಅವರು ಮತ್ತೆ ಸಡಿಲಿಸಿದರು.

ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಮೂರು ನಟ್ಟು ಸಡಿಲಿಸಿ ಮೌಂಟನ್ನು ಒಳಕ್ಕೆ ದೂಡಿದರು. ಒಂದು ಕಡೆ 58ರವರೆಗೆ ಹೋಗುತ್ತಿತ್ತು, ಇನ್ನೊಂದು ಕಡೆ 50ಕ್ಕೇ ನಿಂತಿತು. ಎರಡನ್ನೂ 50ಕ್ಕೆ ಇಟ್ಟರು. ಒಂದು ಕಡೆ ಜಾಸ್ತಿ ಸಿಗುತ್ತದೆ ಎಂದು ತೆಗೆದುಕೊಂಡರೆ ಮತ್ತೆ ಎರಡು ಥರದ ತಿರುವು.

ಎಲ್ಲ ಮುಗಿದ ಮೇಲೆ ಯಂತ್ರ ಆಫ್ ಮಾಡಿ, ಗಾಡಿಯ ಎರಡೂ ಪಕ್ಕಕ್ಕೆ ನೈಲಾನ್ ದಾರ ಕಟ್ಟಿದರು. ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಎಂದು ಸ್ಟೀಲ್ ಸ್ಕೇಲಿನಲ್ಲಿ ಅಳೆದರು. 19 ಇಂಚಿನ ರಿಮ್‌ನಲ್ಲಿ 10 ಮಿನಿಟು ಅಂದರೆ ಸುಮಾರು 1.4 ಮಿಲಿಮೀಟರ್ ವ್ಯತ್ಯಾಸ ಬರಬೇಕು. ಎರಡೂ ಕಡೆ ಒಂದೂವರೆಗೆ ಹತ್ತಿರ ಬಂತು. ಸ್ಟೇರಿಂಗ್ ಸೆನ್ಸರ್‌ಗೆ ಹೊಸ ಸೊನ್ನೆ ಕಲಿಸಿ ಗಾಡಿ ಇಳಿಸಿದರು.

ಸಂಜೆ ನೈಸ್ ರಸ್ತೆಗೆ ಹೋದೆವು. ನೀರು ಹರಿದುಹೋಗಲೆಂದು ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರಾಗಿರುತ್ತವೆ. ಕೈ ಸಡಿಲಿಸಿದರೆ ಸರಿಯಾದ ಗಾಡಿಯೂ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಅದಕ್ಕೇ ಅವರು ಒಂದೇ ಲೇನ್ ನಂಬದೆ, ಇಳಿಜಾರು ಕಡಿಮೆ ಇರುವ ಜಾಗ ಹುಡುಕಿ ನೋಡಿಸಿದರು. ಸ್ಟೇರಿಂಗ್ ನಡುಮಧ್ಯ ನಿಂತಿತ್ತು. ಬಲ ತಿರುವಿನಲ್ಲಿ ಹಿಂಭಾಗ ಎಡ ತಿರುವಿನಷ್ಟೇ ನೆಮ್ಮದಿಯಾಗಿ ಕೂತಿತ್ತು. ಈ ಗಾಡಿಯನ್ನು ನಾನು ಯಾಕೆ ಕೊಂಡೆ ಎಂಬುದು ಆ ಒಂದು ತಿರುವಿನಲ್ಲಿ ಮತ್ತೆ ಗೊತ್ತಾಯಿತು.

ಟೈರು ಅಂಗಡಿಗಿಂತ ಹಲವು ಪಟ್ಟು ಜಾಸ್ತಿ ದುಡ್ಡಾಯಿತು. ಒಂದು ಜೊತೆ ಹಿಂದಿನ ಟೈರಿನ ಬೆಲೆ ನೆನೆದರೆ ಅದು ಕಡಿಮೆಯೇ.

ಮುಂದಿನ ಸಲ ಟ್ರ್ಯಾಕ್‌ಗೆ ಹೋದಾಗ ಟೈರಿನ ಬಿಸಿ ಅಳೆದು ತರಲು ಹೇಳಿದ್ದಾರೆ. ಒಳ ಅಂಚು, ನಡು, ಹೊರ ಅಂಚು, ನಾಲ್ಕೂ ಟೈರಿಗೆ, ಗಾಡಿ ನಿಲ್ಲಿಸಿದ ತಕ್ಷಣ. ಮುಂದಿನ ಟೈರಿನ ಹೊರ ಅಂಚು ಜಾಸ್ತಿ ಕಾದಿದ್ದರೆ ಇನ್ನಷ್ಟು ಕ್ಯಾಂಬರ್ ಬೇಕು, ಅದಕ್ಕೆ ಕೇಮನ್‌ನದೇ ಟ್ರ್ಯಾಕ್‌ಗೆ ಹೊಂದುವ ಮಾದರಿಯಾದ ಜಿಟಿ4ನಲ್ಲಿರುವಂಥ, ಶಿಮ್ (ತೆಳು ತಗಡು) ಹಾಕುವ ಕೆಳ ಆರ್ಮ್ ತರಿಸಬೇಕಾಗುತ್ತದೆ. "ಮೊದಲು ಅಂಕಿ ತನ್ನಿ ಸಾರ್, ಆಮೇಲೆ ಪಾರ್ಟ್ ತರಿಸೋಣ" ಎಂದಿದ್ದಾರೆ. ರಬ್ಬರಿಗೆ ಸೂಜಿ ಚುಚ್ಚಿ ಅಳೆಯುವ ಥರ್ಮಾಮೀಟರ್ ಆರ್ಡರ್ ಮಾಡಿದ್ದೇನೆ.