ಏಳನೇ ಮೀಟರಿನ ಬೀರು

ರೀಡಿಂಗ್ ಕುಕ್ ಮಾಡೋದು ಅಂದರೆ ಏನು ಅಂತ ನಮ್ಮ ಕಾಲೇಜಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀನಿಯರ್‌ಗಳ ರೆಕಾರ್ಡ್ ನೋಡಿ ಗ್ರಾಫ್ ಹೇಗೆ ಬರಬೇಕು ಅಂತ ಮೊದಲೇ ಗೊತ್ತಿರುತ್ತಿತ್ತು. ಮೀಟರ್ ತೋರಿಸಿದ್ದು ಒಂದು, ನಾವು ಬರೆದದ್ದು ಇನ್ನೊಂದು. ನಾನೂ ಹಾಗೇ ಮಾಡಿದ್ದೇನೆ. ಆ ಚಾಳಿ ಬಿಟ್ಟಿದ್ದು 2009ರ ಜುಲೈನಲ್ಲಿ ಶುರುವಾದ ಆರು ವಾರಗಳ ಇಂಟರ್ನ್‌ಶಿಪ್‌ನಲ್ಲಿ.

ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಕಮ್ಯುನಿಕೇಶನ್ ಪಾಠ ಮಾಡುತ್ತಿದ್ದ ಮೇಡಂ ಸ್ಟಾಫ್ ರೂಮಿಗೆ ಕರೆದು, "ಐಐಎಸ್‌ಸಿಗೆ ಹೋಗ್ತೀಯೇನಮ್ಮ? ಪತ್ರ ಬರೆದುಕೊಡ್ತೀನಿ" ಅಂದರು. ಐಐಎಸ್‌ಸಿ ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಹತ್ತಿರದ ಯಶವಂತಪುರದಲ್ಲಿ ಚಿಕ್ಕಮ್ಮನ ಮನೆ ಇತ್ತು, ಹಾಗಾಗಿ ಅಪ್ಪ ಒಪ್ಪಿದರು. ಮೊದಲ ದಿನ ಬಸ್ಸಿನಲ್ಲಿ ಐಐಎಸ್‌ಸಿ ಅಂದರೆ ಕಂಡಕ್ಟರ್ "ಟಾಟಾ ಇನ್‌ಸ್ಟಿಟ್ಯೂಟ್ ಅಲ್ವಾ?" ಅಂತ ಕೇಳಿ ಟಿಕೆಟ್ ಹರಿದುಕೊಟ್ಟರು.

ಕೈಗೆ ಬಂದದ್ದು ಟೆಲೋಸ್‌ಬಿ ಅನ್ನೋ ಪುಟ್ಟ ಬೋರ್ಡು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಹಿಂದೆ ಎರಡು ಪೆನ್ಸಿಲ್ ಸೆಲ್. 10 ಕೆಬಿ ರ‍್ಯಾಮ್, 48 ಕೆಬಿ ಪ್ರೋಗ್ರಾಂ ಜಾಗ, ಒಂದು ರೇಡಿಯೋ, ಅಷ್ಟೇ. ಇದಕ್ಕೆ ಮೋಟ್ ಅಂತಾರೆ, ಅಂದರೆ ಧೂಳಿನ ಕಣ. ಇಂಥ ಕಣಗಳನ್ನು ಹೊಲದಲ್ಲಿ, ಕಾಡಿನಲ್ಲಿ ಇಟ್ಟರೆ ತಾವು ಕಂಡದ್ದನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋಗುತ್ತವೆ. ಪಾವಗಡದ ಚೆನ್ನಕೇಶವಪುರದಲ್ಲಿ ಐಐಎಸ್‌ಸಿಯವರು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಅನ್ನೋ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆ ಸೇರಿ, ಮಳೆ ನಂಬಿದ ರೈತರ ಹೊಲದಲ್ಲಿ ಮಣ್ಣಿನ ತೇವ ಅಳೆಯಲು ಇದೇ ತರಹದ್ದನ್ನು ಹಾಕಿದ್ದರು ಅಂತ ಅಲ್ಲೇ ತಿಳಿದದ್ದು. ನಮ್ಮ ಪಕ್ಕದ ಜಿಲ್ಲೆಯ ಹೊಲ! ನನಗೆ ಆ ಇಡೀ ದಿನ ಬೇರೇನೂ ತಲೆಗೆ ಹೋಗಲಿಲ್ಲ.

ನನ್ನ ಕೆಲಸ ಹೇಳೋಕೆ ಸುಲಭ. ಕಾರಿಡಾರಿನಲ್ಲಿ ಓಡಾಡುವ ಮನುಷ್ಯ ಎಲ್ಲಿದ್ದಾನೆ ಅಂತ, ಅವನ ಕೈಯಲ್ಲಿರುವ ಮೋಟ್‌ನ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋದರಿಂದ ಕಂಡುಹಿಡಿಯಬೇಕು. ಪುಸ್ತಕದ ಲೆಕ್ಕ ಗೊತ್ತಿತ್ತು: ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ಅದರ ಶಕ್ತಿ ಕಾಲು ಭಾಗ ಆಗುತ್ತದೆ. ಟೇಪು ಹಿಡಿದು ಮೀಟರಿಗೊಂದರಂತೆ ಸೀಮೆಸುಣ್ಣದಲ್ಲಿ ಇಪ್ಪತ್ತು ಗುರುತು ಹಾಕಿದೆ. ಒಂದೊಂದು ಗುರುತಿನಲ್ಲೂ ಮೋಟ್‌ನಿಂದ ನೂರು ಪ್ಯಾಕೆಟ್, ಅಂದರೆ ನೂರು ಪುಟ್ಟ ಸಂದೇಶ ಕಳಿಸಿ ಅಳೆಯೋದು. ಬೆಳಿಗ್ಗೆ ನೆಲ ಒರೆಸಿದಾಗ ಗುರುತೆಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಹಾಕುತ್ತಿದ್ದೆ. ಮೂರನೇ ದಿನದಿಂದ ಒರೆಸುವ ಅಮ್ಮ ಒದ್ದೆ ಬಟ್ಟೆಯನ್ನು ನನ್ನ ಗೆರೆಗಳ ಪಕ್ಕದಲ್ಲೇ ಸರಿಸಿಕೊಂಡು ಹೋಗತೊಡಗಿದರು. ನಾನು ಕೇಳಿರಲೂ ಇಲ್ಲ.

ಆರನೇ ಮೀಟರಿನ ತನಕ ಗ್ರಾಫ್ ಹೆಚ್ಚುಕಡಿಮೆ ಇಳಿಯಿತು. ಏಳನೇ ಮೀಟರಿನಲ್ಲಿ ಮೇಲೆ ಹೋಯಿತು! ದೂರ ಹೋದಂತೆ ಸಿಗ್ನಲ್ ಜಾಸ್ತಿ ಆಗೋದುಂಟಾ? ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ಕೈ ತಾನಾಗಿ ಹಳೇ ದಾರಿ ಹಿಡಿಯಿತು, ಗೆರೆ ನೆಟ್ಟಗೆ ಬರುವ ಹಾಗೆ ಒಂದು ಅಂಕಿ ಬರೆದುಬಿಟ್ಟೆ.

ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಅಕ್ಕ ಒಬ್ಬರಿದ್ದರು. ನಾನು ರೀಡಿಂಗ್ ಬರೆದಿದ್ದ ಪುಸ್ತಕ ನೋಡಿದವರೇ ಕಂಪ್ಯೂಟರಿನಲ್ಲಿದ್ದ ಫೈಲ್ ತೆಗೆದರು. ಎರಡೂ ತಾಳೆ ಆಗಲಿಲ್ಲ. ಬೈಯಲಿಲ್ಲ. "ಬಂದದ್ದನ್ನ ಬರಿ ತಂಗಿ, ಬರಬೇಕಾದ್ದನ್ನ ಬರೀಬ್ಯಾಡ" ಅಂದರು. ನನ್ನ ಮುಖ ಬಿಸಿಯಾಯಿತು.

ಆಮೇಲೆ ಇಬ್ಬರೂ ಕಾರಿಡಾರಿಗೆ ಹೋದೆವು. ಏಳನೇ ಗುರುತಿನ ಹತ್ತಿರ ಗೋಡೆಗೆ ಒರಗಿ ಒಂದು ಕಬ್ಬಿಣದ ಬೀರು. ದಿನಾ ಅದರ ಮುಂದೆಯೇ ನಿಂತಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ. ಲ್ಯಾಬ್ ಅಟೆಂಡರ್ ಜೊತೆ ಮೂವರೂ ಸೇರಿ ಅದನ್ನು ಒಂದು ಅಡಿ ತಳ್ಳಿ ಮತ್ತೆ ಅಳೆದೆವು. ಏರಿದ್ದ ಗ್ರಾಫ್ ಇಳಿಯಿತು. ನೇರವಾಗಿ ಬಂದ ಅಲೆ, ಬೀರುವಿಗೆ ಬಡಿದು ಬಂದ ಅಲೆ ಎರಡೂ ಸೇರಿ ಅಲ್ಲಿ ಜೋರಾಗುತ್ತಿದ್ದವು. ಮೋಟ್‌ನ ರೇಡಿಯೋ ಕಳಿಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ 12 ಸೆಂಟಿಮೀಟರಿನ ಆಸುಪಾಸು, ಹಾಗಾಗಿ ಮೋಟನ್ನು ಮೂರು ಬೆರಳಿನಷ್ಟು ಸರಿಸಿದರೂ ಅಂಕಿ ಬದಲಾಗುತ್ತಿತ್ತು. ಬೆನ್ನು ತಿರುಗಿಸಿ ನಿಂತರೆ ನನ್ನ ಮೈಯಲ್ಲಿರುವ ನೀರೇ ಸಿಗ್ನಲ್ ಕುಡಿದುಬಿಡುತ್ತಿತ್ತು. ಇಷ್ಟನ್ನೂ ನನ್ನ ಸುಳ್ಳು ಅಂಕಿ ಮುಚ್ಚಿಹಾಕುತ್ತಿತ್ತಲ್ಲ!

ಅಲ್ಲಿಂದ ನಾವು ದೂರದ ಲೆಕ್ಕವನ್ನೇ ಕೈಬಿಟ್ಟೆವು. 2000ದಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ರೇಡಾರ್ ಅಂತ ಹೆಸರಿಟ್ಟು ತೋರಿಸಿಕೊಟ್ಟಿದ್ದ ದಾರಿ ಹಿಡಿದೆವು. ಕಣ್ಣು ಮುಚ್ಚಿಕೊಂಡಿದ್ದರೂ ಮನೆಯ ಯಾವ ಮೂಲೆಯಲ್ಲಿದ್ದೇವೆ ಅಂತ ಗೊತ್ತಾಗುತ್ತೆ, ಅಲ್ವಾ? ಒಗ್ಗರಣೆ ವಾಸನೆ ಬಂದರೆ ಅಡುಗೆಮನೆ, ಕರ್ಪೂರದ್ದಾದರೆ ದೇವರಮನೆ. ಹಾಗೇ ಪ್ರತಿ ಗುರುತಿನಲ್ಲೂ ನಾಲ್ಕು ಕಡೆಯಿಂದ ಬರುವ ಸಿಗ್ನಲ್ ಎಷ್ಟೆಷ್ಟು ಅಂತ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಹೊಸ ರೀಡಿಂಗ್ ಯಾವ ಜಾಗಕ್ಕೆ ಹೋಲುತ್ತದೆ ಅಂತ ಹುಡುಕೋದು. ಬೀರು ಈಗ ತೊಂದರೆ ಅಲ್ಲ, ಗುರುತು!

ಬ್ಯಾಟರಿ ಪಾಠವೂ ಅಲ್ಲೇ ಆಯಿತು. ನನ್ನ ಕೋಡ್ ರೇಡಿಯೋವನ್ನು ಮಲಗಿಸುತ್ತಿರಲಿಲ್ಲ. ಶುಕ್ರವಾರ ಸಂಜೆ ಇಟ್ಟ ಮೋಟ್ ಬುಧವಾರ ಬೆಳಿಗ್ಗೆ ಸತ್ತಿತ್ತು. ಸುಮಾರು 20 ಮಿಲಿಆಂಪ್ ಎಳೆದರೆ 2000 ಮಿಲಿಆಂಪ್-ಅವರ್ ಸೆಲ್ ನೂರು ಗಂಟೆ ಬರುತ್ತದೆ, ಅಷ್ಟೇ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೊತ್ತು ಮಲಗಿಸಿದರೆ ಅದೇ ಸೆಲ್ ವರ್ಷದ ಹತ್ತಿರ ಬಾಳುತ್ತದೆ.

ಕಾಲೇಜಿಗೆ ವಾಪಸ್ ಬಂದು ರಿಪೋರ್ಟ್ ಕೊಟ್ಟೆ. ಮೇಡಂ ಏಳನೇ ಮೀಟರಿನ ಮೇಲೆ ಪೆನ್ನು ಇಟ್ಟು "ಇದೇನಿದು?" ಅಂದರು. "ಅಲ್ಲಿ ಬೀರು ಇತ್ತು ಮೇಡಂ." ಅವರು ನಕ್ಕು, ಆ ಚುಕ್ಕಿಯ ಪಕ್ಕ 'ಬೀರು' ಅಂತ ತಾವೇ ಬರೆದು ಸಹಿ ಹಾಕಿದರು.

ಈಗ ನನ್ನ ಕೆಲಸವೂ ಇದೇ. ಅಲ್ಟ್ರಾ ವೈಡ್‌ಬ್ಯಾಂಡ್ ಅನ್ನೋ ರೇಡಿಯೋ ತಂತ್ರ ಬಂದಿದೆ. ಸಿಗ್ನಲ್‌ನ ಜೋರನ್ನಲ್ಲ, ಅದು ಬಂದು ಮುಟ್ಟಿದ ಹೊತ್ತನ್ನು ಅಳೆಯುತ್ತೇವೆ. ಒಂದು ನ್ಯಾನೋಸೆಕೆಂಡ್ ತಪ್ಪಿದರೆ 30 ಸೆಂಟಿಮೀಟರ್ ತಪ್ಪುತ್ತದೆ. ಆದರೂ ಬೀರುಗಳು ಇದ್ದೇ ಇರುತ್ತವೆ. ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳಿಗೆ ಮೊದಲ ದಿನ ನಾನು ಕೊಡೋದು ಟೇಪು ಮತ್ತು ಸೀಮೆಸುಣ್ಣ.

ನಮ್ಮ ಕಾಲೇಜಿನವರು ಬರಬೇಕು ಅಂತ ತುಂಬಾ ಆಸೆ. ವಿಭಾಗದ ಆಫೀಸಿನಲ್ಲಿ ನನ್ನ ವಿಳಾಸ ಇದೆ. ಬರೆಯುವಾಗ ಮಾರ್ಕ್ಸ್ ಕಾರ್ಡ್ ಬೇಡ, ನೀವೇ ಅಳೆದ, ಸರಿಯಾಗಿ ಬಾರದ ಒಂದು ಗ್ರಾಫ್ ಇದ್ದರೆ ಅದನ್ನು ಕಳಿಸಿ.