ಸೀಸದ ಗುಂಡು, ಕೂದಲೆಳೆ ಅಳತೆ
ನಮ್ಮ ಶಿರಸಿ ಕಡೆ ಕೋವಿ ಇರುವುದು ತೋಟಕ್ಕೆ ಬಂದ ಮಂಗನನ್ನು ಹೆದರಿಸಲು, ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟುಬರಲು. ಅಮೆರಿಕದ ಭಾವನ ಹುಚ್ಚೇ ಬೇರೆ. ರಿವಾಲ್ವರಿಗೆ ತಾನೇ ಸೀಸ ಕರಗಿಸಿ ಗುಂಡು ಎರೆಯುತ್ತಾನೆ. ನಿನ್ನೆ ಫೋನಲ್ಲಿ ಅದೇ ಪುರಾಣ.

ರಿವಾಲ್ವರಿನ ಅಳತೆ ಪಾಯಿಂಟ್ 38, ಅಂದರೆ 0.38 ಇಂಚು, ಅನ್ನುವುದು ಬರೀ ಹೆಸರು. ಎರಕದ ಗುಂಡು ಸಾಮಾನ್ಯವಾಗಿ 0.358 ಇಂಚು. ನಳಿಗೆ ಅಳೆದರೆ ಸಾಲದು, ಸಿಲಿಂಡರಿನ, ಅಂದರೆ ತೋಟಾ ತುಂಬುವ ತಿರುಗುವ ಉರುಳೆಯ, ಒಂದೊಂದು ಕೋಣೆಯ ಮುಂಬಾಯಿಯನ್ನೂ (ಗುಂಡು ನಳಿಗೆಯ ಕಡೆ ಹೊರಡುವ ಬಾಯಿ) ಅಳೆಯಬೇಕು. ಬೆರಳಲ್ಲಿ ಒತ್ತಿದರೆ ಗುಂಡು ಅಲ್ಲಿ ಬಿಗಿಯಾಗಿ ದಾಟಬೇಕು, ಸುಮ್ನೆ ಜಾರಿ ಬೀಳಬಾರದು. ಸಣ್ಣದಾದರೆ ಬಿಸಿ ಗ್ಯಾಸು ಸಂದಿಯಲ್ಲಿ ನುಗ್ಗುತ್ತದೆ, ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ಗುರಿ ಹೋಯಿತು.

ಗುರಿ ತಪ್ಪಿದರೆ ನಾವು ಮೊದಲು ಕೈಯನ್ನೇ ಬೈಯುತ್ತೇವೆ, ಅಲ್ವಾ? ಭಾವ ಮಾತ್ರ ಮೈಕ್ರೋಮೀಟರ್ ಹಿಡಿಯುತ್ತಾನೆ. ಮುಂಬಾಯಿಯೇ ನಳಿಗೆಗಿಂತ ಕಿರಿದಾಗಿದ್ದರೆ ಸರಿಯಾದ ಗುಂಡನ್ನೂ ಅದು ಹಿಂಡಿ ಸಣ್ಣ ಮಾಡುತ್ತದಂತೆ. ಆಗ ಗುಂಡು ಬದಲಿಸಿ ಪ್ರಯೋಜನವಿಲ್ಲ, ಬಾಯಿಯನ್ನೇ ಕೊರೆಸಿ ಅಗಲ ಮಾಡಿಸಬೇಕು.